ಮೂರನೆಯ ಕಂಬದ ಜಾಗ

ದೆವ್ವ, ಭೂತ, ಕಂಡದ್ದು, ಕೇಳಿದ್ದು ಎಂಬ ಮಾತು ಬಂದರೆ ಎದ್ದು ಹೋಗಿ ಚಹಾ ಮಾಡುವ ಪೈಕಿ ನಾನು. ಪರದೇಶದ ನಮ್ಮೂರು ಸೆರಿಟೋಸಿನಲ್ಲಿ ನಾವು ಕೆಲವು ಕನ್ನಡದ ಮನೆಯವರು ಶನಿವಾರ ಯಾರದಾದರೂ ಮನೆಯಲ್ಲಿ ಊಟಕ್ಕೆ ಸೇರುತ್ತಿದ್ದೆವು. ಊಟ ಮುಗಿದು, ಎಲ್ಲರೂ ಸೋಫಾದಲ್ಲಿ, ಕಾರ್ಪೆಟ್ಟಿನ ಮೇಲೆ ಒರಗಿದ ಹೊತ್ತಿಗೆ ಯಾರಾದರೊಬ್ಬರು ಶುರು ಮಾಡುತ್ತಿದ್ದರು. ಅವರ ಸೋದರಮಾವ ಹೊಲದಿಂದ ಬರುವಾಗ ಹಿಂದೆ ಯಾರೋ ಬಂದರಂತೆ, ತಿರುಗಿ ನೋಡಿದರೆ ಯಾರೂ ಇಲ್ಲವಂತೆ. ಈ 'ಅಂತೆ' ಕಿವಿಗೆ ಬಿದ್ದ ಕೂಡಲೇ ನನಗೆ ಸಿಟ್ಟು ಬರುತ್ತಿತ್ತು. "ನಿಮ್ಮ ಮಾವ ಅವತ್ತು ಎಷ್ಟು ಕುಡಿದಿದ್ದರು?" ಎಂದು ಕೇಳಿ, ಒಂದು ಮನೆಯವರು ಮೂರು ತಿಂಗಳು ನಮ್ಮನ್ನು ಊಟಕ್ಕೆ ಕರೆಯದ ಹಾಗೆ ಮಾಡಿಕೊಂಡವನು. ನನ್ನ ಕಸುಬು ನಕ್ಷೆ ಮಾಡುವುದು. ಅಳತೆಗೆ ಸಿಕ್ಕಿದ್ದು ಇದೆ, ಸಿಗದ್ದು ಇಲ್ಲ, ಅಷ್ಟೇ ನನ್ನ ಲೆಕ್ಕ. ಈಗ ನಾನೇ ಹೇಳಲು ಕೂತಿದ್ದೇನೆ. ನಿಮಗೆ ಎದ್ದು ಹೋಗಿ ಚಹಾ ಮಾಡಿಕೊಳ್ಳಬೇಕೆನಿಸಿದರೆ ನನ್ನ ತಕರಾರಿಲ್ಲ.

ಎರಡು ಸಾವಿರದ ನಾಲ್ಕೋ ಐದೋ ಇರಬೇಕು. ಮಗಳು ಮುಕ್ತಾ ಆಗ ಐದನೆಯ ಕ್ಲಾಸು. ನನ್ನ ಕೆಲಸ ನೂರು ಮೈಲಿ ದೂರದ ಸ್ಯಾನ್ ಡಿಯಾಗೋದ ಒಂದು ಸಣ್ಣ ಕಂಪನಿಯಲ್ಲಿ, ಬಂದರಿನ ನಕ್ಷೆಗಳನ್ನು ತಿದ್ದುವುದು. ಸೆರಿಟೋಸಿನ ಶಾಲೆ ಚೆನ್ನಾಗಿದ್ದುದರಿಂದ ಮನೆ ಬದಲಿಸುವ ಹಾಗಿರಲಿಲ್ಲ. ದಿನಾ ಫ್ರೀವೇಯಲ್ಲಿ ಹೋಗಿ ಬರುವುದೆಂದರೆ ಅರ್ಧ ಆಯುಷ್ಯ ಬ್ರೇಕಿನ ಮೇಲೆ ಕಾಲಿಟ್ಟೇ ಮುಗಿಯುತ್ತಿತ್ತು. ಹಾಗಾಗಿ ಸೋಮವಾರ ಬೆಳಿಗ್ಗೆ ಟ್ರೇನು ಹತ್ತಿ ಹೋಗುವುದು, ವಾರವೆಲ್ಲ ಅಲ್ಲೊಂದು ಬಾಡಿಗೆ ಕೋಣೆಯಲ್ಲಿರುವುದು, ಶುಕ್ರವಾರ ಸಂಜೆ ಮನೆಗೆ ಬರುವುದು. ಅಲ್ಲಿದ್ದರೆ ಇಲ್ಲಿಯ ಯೋಚನೆ, ಇಲ್ಲಿದ್ದರೆ ಅಲ್ಲಿಯದು. ಕೂತಲ್ಲಿ ಕಾಲು ಕುಣಿಸುವ ಚಟ ಹತ್ತಿದ್ದು ಆ ವರ್ಷಗಳಲ್ಲೇ. ಊಟಕ್ಕೆ ಕೂತಾಗ ನನ್ನ ಹೆಂಡತಿ ಸುನಂದಾ ಮೇಜಿನ ಕೆಳಗಿಂದ ನನ್ನ ಮೊಣಕಾಲು ಒತ್ತಿ ಹಿಡಿಯುತ್ತಿದ್ದಳು.

ಮುಕ್ತಾಳ ಕ್ಲಾಸಿನಲ್ಲಿ ಚೀಟಿ ಎತ್ತಿಸಿ ಮಕ್ಕಳಿಗೆ ಒಂದೊಂದು ದೇಶ ಹಂಚಿದ್ದರು. ಆ ದೇಶದ ಭೂಗೋಳ, ಜನ, ಸರ್ಕಾರ ಮೂರನ್ನೂ ಕುರಿತು ವರದಿ ಬರೆಯಬೇಕು. ಅವಳ ಗೆಳತಿಯರಿಗೆ ಜಪಾನ್, ಬ್ರೆಜಿಲ್ ಬಂದವು. ಇವಳಿಗೆ ಬಂದದ್ದು ಕಿರಿಬಾಸ್, ಪೆಸಿಫಿಕ್ ಸಾಗರದ ನಡುವಿನ ದ್ವೀಪಗಳ ದೇಶ. ಅಟ್ಲಾಸ್ ತೆಗೆದು ನೋಡಿ ಮುಖ ಊದಿಸಿಕೊಂಡಳು. ಅಲ್ಲಿ ದೇಶವೇ ಇರಲಿಲ್ಲ, ನೀಲಿಯ ಮೇಲೆ ಚುಕ್ಕೆಗಳಿದ್ದವು.

ನನಗೋ ಹುಮ್ಮಸ್ಸು. ಆ ಶನಿವಾರ ನೆಲದ ಮೇಲೆ ದೊಡ್ಡ ನಕ್ಷೆ ಹಾಸಿ ಅವಳನ್ನು ಕೂರಿಸಿಕೊಂಡೆ. ನೆಲ ನೋಡಿದರೆ ಬೊಗಸೆಯಷ್ಟು, ಆದರೆ ಅವರ ಪಾಲಿನ ಸಮುದ್ರ ನಮ್ಮ ಇಂಡಿಯಾದಷ್ಟು ಅಗಲ. ಮೂರು ಗುಂಪು ದ್ವೀಪಗಳು, ಬಹಳಷ್ಟು ಹವಳದ ಉಂಗುರಗಳು, ಸಮುದ್ರಮಟ್ಟಕ್ಕಿಂತ ಒಂದಾಳು ಎರಡಾಳು ಎತ್ತರ. ಮೊದಲು ದಿನಾಂಕದ ಗೆರೆ ದೇಶದ ನಡುವೆಯೇ ಹಾದು, ಒಂದು ಕಡೆ ಸೋಮವಾರವಾದರೆ ಇನ್ನೊಂದು ಕಡೆ ಭಾನುವಾರ ಇರುತ್ತಿತ್ತು. ಕೊನೆಗೆ ಸರ್ಕಾರ ಆ ಗೆರೆಯನ್ನೇ ಪೂರ್ವಕ್ಕೆ ಸರಿಸಿ ಎಲ್ಲರಿಗೂ ಒಂದೇ ದಿನ ಮಾಡಿತು. ಇದನ್ನು ಹೇಳಿದಾಗ ಮುಕ್ತಾಳ ಕಣ್ಣು ಅರಳಿದವು. ಅಡುಗೆಮನೆಯಿಂದ ಸುನಂದಾ, "ನಿಮ್ಮಪ್ಪಗೂ ಹಂಗ ಒಂದು ಗೆರಿ ಸರಸಬೇಕಾಗೇದ ನೋಡು. ವಾರದಾಗ ಐದು ದಿನ ಆ ಕಡೀನ ಇರ್ತಾರ," ಎಂದಳು. ನಾವು ಮೂವರೂ ನಕ್ಕೆವು.

ವರದಿಗೆ ಇನ್ನೊಂದು ಭಾಗವಿತ್ತು. ಆ ದೇಶದವರೊಬ್ಬರನ್ನು ಹುಡುಕಿ ಮಾತಾಡಿಸಿ, ಟೇಪ್ ಮಾಡಿ ತರಬೇಕು. ಜಪಾನಿನವರು ಬೀದಿಗೊಬ್ಬರು ಸಿಗುತ್ತಾರೆ, ಕಿರಿಬಾಸಿನವರನ್ನು ಎಲ್ಲಿಂದ ತರುವುದು? "ನಾನು ಬಂದರಿನಲ್ಲಿ ಕೆಲಸ ಮಾಡುವವನು, ನಾನು ಹುಡುಕಿಕೊಡುತ್ತೇನೆ," ಎಂದೆ. "ಪ್ರಾಮಿಸ್?" ಎಂದಳು. ಪ್ರಾಮಿಸ್ ಎಂದೆ. ಆ ವರ್ಷ ಅವಳ ಸೈನ್ಸ್ ಫೇರಿಗೆ ಬರುತ್ತೇನೆಂದು ಬಂದಿರಲಿಲ್ಲ, ಶಾಲೆಯ ಸಂಗೀತದ ಕಾರ್ಯಕ್ರಮಕ್ಕೆ ಬರುತ್ತೇನೆಂದು ಬಂದಿರಲಿಲ್ಲ. ಅವಳು ಎರಡನ್ನೂ ಎತ್ತಿ ಆಡಲಿಲ್ಲ. ತನ್ನ ಪುಟ್ಟ ಟೇಪ್ ರೆಕಾರ್ಡರಿಗೆ ಹೊಸ ಬ್ಯಾಟರಿ ಹಾಕಿ ನನ್ನ ಬ್ಯಾಗಿನಲ್ಲಿಟ್ಟಳು.

ಮೂರು ವಾರ ಆ ರೆಕಾರ್ಡರ್ ಬ್ಯಾಗಿನಲ್ಲೇ ಇತ್ತು. ಇವತ್ತು, ನಾಳೆ ಎಂದು ದೂಡಿದೆ. ಸೋಮವಾರ ವರದಿ ಕೊಡಬೇಕು ಎನ್ನುವಾಗ, ಅದರ ಹಿಂದಿನ ಗುರುವಾರ ಸುನಂದಾ ಫೋನ್ ಮಾಡಿ ನೆನಪಿಸಿದಳು. ನಾನು ಆಡಿದ ಮಾತನ್ನು ಮುಚ್ಚಿಡದೆ ಇಲ್ಲಿ ಬರೆಯಬೇಕು. "ಯಾರೂ ಸಿಗಲಿಲ್ಲ ಅಂದ್ರ ಒಬ್ಬ ಮುದುಕನ್ನ ನಾನಽ ಹುಟ್ಟಸ್ತೀನಿ ಬಿಡು. ಪುಸ್ತಕದಾಗ ಎಲ್ಲಾ ಅದ," ಎಂದಿದ್ದೆ. ಅವಳು ನಗಲಿಲ್ಲ. ತಮಾಷೆ ಎಂದು ನಾನೇ ಹೇಳಬೇಕಾಯಿತು. ಪೂರ್ತಿ ತಮಾಷೆಯಾಗಿತ್ತೇ ಎಂದು ಕೇಳಿದರೆ, ಅಲ್ಲ.

ಶುಕ್ರವಾರ ಮಧ್ಯಾಹ್ನ ಊಟದ ಬಿಡುವಿನಲ್ಲಿ ಹೊರಟೆ. ನಮ್ಮ ಆಫೀಸಿನ ಕಾವಲುಗಾರ ಅದೇ ಸಾಗರದ ಸಮೋವಾ ದ್ವೀಪದವನು. ಮೀನುದೋಣಿ ನಿಲ್ಲುವ ತುದಿಯಲ್ಲಿ ಬೇರೆ ಬೇರೆ ದ್ವೀಪದವರು ಬಂದು ಕೂರುತ್ತಾರೆ, ಕೇಳಿ ನೋಡಿ ಎಂದಿದ್ದ. ಬಿಸಿಲು ಚುರುಗುಟ್ಟುತ್ತಿತ್ತು. ಕಟ್ಟೆಯ ಮೇಲೆ ಬಲೆಗಳ ರಾಶಿ, ಅದರ ಪಕ್ಕ ಒಂದು ಬೆಂಚು. ಬೆಂಚಿನ ಮೇಲೆ ಮಾಸಿದ ನೀಲಿ ಅಂಗಿ, ರಬ್ಬರ್ ಚಪ್ಪಲಿಯ ಒಬ್ಬ ಮುದುಕ ಹರಿದ ಬಲೆ ಹೆಣೆಯುತ್ತಿದ್ದ. ನಾನು ಯಾವ ಊರು ಎಂದು ಕೇಳಿದೆ. ಕಿರಿಬಾಸ್ ಎಂದ. ಹೆಸರು ಇಯೊಟೆಬಾ ಎಂದ, ತನ್ನ ದ್ವೀಪದ ಹೆಸರನ್ನೂ ಹೇಳಿದ. ಆ ದ್ವೀಪದ ಹೆಸರು ಇಲ್ಲಿ ಬರೆಯುವುದಿಲ್ಲ, ಅಲ್ಲಿಯವರಿಗೆ ಮುಜುಗರವಾಗಬಾರದು.

ಮೊದಲು ಕೇಳಿದವನೇ ಬೇಕಾದವನಾಗಿ ಸಿಕ್ಕಾಗ ಮನುಷ್ಯ ಸ್ವಲ್ಪ ಅನುಮಾನ ಪಡಬೇಕು. ನಾನು ಪಡಲಿಲ್ಲ. ಅಬ್ಬಾ, ಬಚಾವಾದೆ ಎಂದುಕೊಂಡೆ. ರೆಕಾರ್ಡರನ್ನು ನಮ್ಮಿಬ್ಬರ ನಡುವೆ ಬೆಂಚಿನ ಮೇಲಿಟ್ಟು ಕೆಂಪು ಗುಂಡಿ ಒತ್ತಿದೆ. ಟೇಪ್ ತಿರುಗುವುದನ್ನು ಕಣ್ಣಾರೆ ನೋಡಿದೆ.

ಅರ್ಧ ಗಂಟೆ ಮಾತಾಡಿದೆವು. ಅವನ ಇಂಗ್ಲಿಷ್ ನಿಧಾನ, ಒಂದೊಂದೇ ಪದ ಆರಿಸಿ ಇಡುತ್ತಿದ್ದ. ಊರಿನ ಒಂದು ಬದಿಗೆ ಸಾಗರ, ಇನ್ನೊಂದು ಬದಿಗೆ ನಿಂತ ನೀರು, ನಡುವಿನ ಪಟ್ಟಿಯಲ್ಲಿ ಮನೆಗಳು. ಮರಳು ತೋಡಿದರೆ ಸಿಹಿನೀರು, ಆಸೆಪಟ್ಟು ಇನ್ನೂ ತೋಡಿದರೆ ಉಪ್ಪು. ಗುಂಡಿ ತೆಗೆದು ಕೆಸುವಿನ ಜಾತಿಯ ಗೆಡ್ಡೆ ಬೆಳೆಯುತ್ತಾರೆ. ಬೆಳಿಗ್ಗೆ ಸಂಜೆ ತೆಂಗಿನ ಮರ ಹತ್ತಿ ಹೊಂಬಾಳೆಯಿಂದ ರಸ ಇಳಿಸುತ್ತಾರೆ. ನಮ್ಮಲ್ಲೂ ಇದೆ, ನೀರಾ ಎನ್ನುತ್ತೇವೆ ಎಂದೆ. ಮರದ ಮೇಲಿರುವಾಗ ನೀವೂ ಹಾಡುತ್ತೀರಾ ಎಂದು ಕೇಳಿದ. ನಮ್ಮವರು ಹಾಡುವುದಿಲ್ಲ, ಬಯ್ಯುತ್ತಾರೆ ಎಂದೆ. ಇಬ್ಬರೂ ನಕ್ಕೆವು.

ಸರ್ಕಾರದ ಬಗ್ಗೆ ಕೇಳಿದೆ. ಪಾರ್ಲಿಮೆಂಟು ತನ್ನವರಲ್ಲೇ ಕೆಲವರನ್ನು ಆರಿಸಿ ನಿಲ್ಲಿಸುತ್ತದೆ, ಅವರಲ್ಲೊಬ್ಬನನ್ನು ಜನ ಓಟು ಹಾಕಿ ಅಧ್ಯಕ್ಷನನ್ನಾಗಿ ಮಾಡುತ್ತಾರೆ ಎಂದ. ಅದು ಪುಸ್ತಕದಲ್ಲೂ ಇತ್ತು. "ಅದು ಪಟ್ಟಣದ ಸರ್ಕಾರ. ನಮಗೆ ಸರ್ಕಾರ ಅಂದರೆ ಸಭಾಮನೆ," ಎಂದು ಮುಂದುವರಿಸಿದ. ಗೋಡೆಯಿಲ್ಲದ, ಕಂಬಗಳ ಮೇಲೆ ನಿಂತ ದೊಡ್ಡ ಚಾವಣಿ. ಸೂರು ಎಷ್ಟು ತಗ್ಗೆಂದರೆ ಅಧ್ಯಕ್ಷನೇ ಬಂದರೂ ಬಗ್ಗಿಯೇ ಒಳಗೆ ಬರಬೇಕು. ಒಳಗೆ ಒಂದೊಂದು ಮನೆತನಕ್ಕೆ ಒಂದೊಂದು ಕಂಬದ ಹತ್ತಿರ ಕೂರುವ ಜಾಗ, ತಾತಮುತ್ತಾತರಿಂದ ಬಂದದ್ದು. ಅಲ್ಲಿ ಕೂತರೆ ಮಾತಾಡುವ ಹಕ್ಕು. ಒಬ್ಬರ ಜಾಗದಲ್ಲಿ ಇನ್ನೊಬ್ಬರು ಕೂರುವಂತಿಲ್ಲ. ಸಮುದ್ರಕ್ಕೆ ಹೋದವನು ಎಷ್ಟು ವರ್ಷ ಬರದಿದ್ದರೂ ಅವನ ಜಾಗದ ಚಾಪೆ ಖಾಲಿಯೇ ಇರುತ್ತದೆ. ನನ್ನ ನೋಟುಬುಕ್ಕು ತೆಗೆದುಕೊಂಡು ಪೆನ್ಸಿಲಿನಲ್ಲಿ ಉದ್ದನೆಯ ಚೌಕ ಬರೆದು, ಕಂಬ ಗುರುತಿಸಿ, ಪಕ್ಕದಲ್ಲಿ ಹೆಸರು ಬರೆದು, ಸಾಗರದ ಕಡೆಯ ಸಾಲಿನಲ್ಲಿ ಮೂರನೆಯ ಕಂಬದ ಮೇಲೆ ಬೆರಳಿಟ್ಟು, ಇದು ನನ್ನದು ಎಂದ. ಆಮೇಲೆ ನನ್ನ ಕಡೆ ತಿರುಗಿ, ನಿನ್ನ ಮನೆಯಲ್ಲಿ ನೀನಿಲ್ಲದಾಗ ನಿನ್ನ ಜಾಗದಲ್ಲಿ ಏನಿರುತ್ತದೆ ಎಂದು ಕೇಳಿದ. ನಾನು ಏನೋ ಒಂದು ಉತ್ತರ ಹೇಳಿದೆ.

ಒಂದೂವರೆಗೆ ಮೀಟಿಂಗು. ಗಡಬಡಿಸಿ ಎದ್ದೆ. ಸೋಮವಾರ ಬರುತ್ತೇನೆ, ವಿಳಾಸ ಬರೆದುಕೊಳ್ಳುತ್ತೇನೆ ಎಂದೆ. ಅವನು ತಲೆ ಅಲ್ಲಾಡಿಸಿ ಬಲೆಗೆ ಕೈ ಹಾಕಿದ. ತಿರುವಿನಲ್ಲಿ ಒಮ್ಮೆ ಹಿಂದಿರುಗಿ ನೋಡಿದಾಗ ಅಲ್ಲೇ ಇದ್ದ. ಮಾಯವಾಗಲಿಲ್ಲ, ಗಾಳಿ ಬೀಸಲಿಲ್ಲ, ಅಂಥದ್ದೇನೂ ಇಲ್ಲ.

ಅವತ್ತು ಮನೆಗೆ ಹೋಗುವಾಗ ನನ್ನ ಗತ್ತು ಕೇಳಬೇಡಿ. ಊಟದ ಮೇಜಿನ ಮೇಲೆ ರೆಕಾರ್ಡರ್ ಇಟ್ಟು, "ಕೇಳ್ರೆವ್ವಾ," ಎಂದು ಗುಂಡಿ ಒತ್ತಿದೆ. ಕಡಲಹಕ್ಕಿಯ ಕೂಗು ಬಂತು. ದೋಣಿಯ ಹಗ್ಗ ಕಂಬಕ್ಕೆ ಬಡಿಯುವ ಟಣ್ ಟಣ್ ಬಂತು. ನನ್ನ ದನಿ ಬಂತು, ಹೆಸರನ್ನು ಇನ್ನೊಮ್ಮೆ ಹೇಳಿ ಎಂದು ಕೇಳುತ್ತಿತ್ತು. ಆಮೇಲೆ ಹಕ್ಕಿ, ಹಗ್ಗ. ಆಮೇಲೆ ನನ್ನದೇ "ಹೂಂ, ಹೂಂ". ಮತ್ತೆ ನನ್ನ ಪ್ರಶ್ನೆ. ಮತ್ತೆ ಹಗ್ಗ.

ಅವನ ದನಿ ಇರಲಿಲ್ಲ. ದನಿ ಹೆಚ್ಚಿಸಿದೆ, ಹಕ್ಕಿಗಳು ಕಿರುಚಿದವು. ಬ್ಯಾಟರಿ ಬದಲಿಸಿದೆ, ಟೇಪ್ ತಿರುಗಿಸಿ ಹಾಕಿದೆ. ದೂರದ ದೋಣಿಯಲ್ಲಿ ಯಾರೋ ಸುತ್ತಿಗೆ ಬಡಿದದ್ದು ಕೇಳುತ್ತಿತ್ತು, ನನ್ನಿಂದ ಮೊಳದೂರದಲ್ಲಿ ಕೂತವನದು ಕೇಳುತ್ತಿರಲಿಲ್ಲ. ನೀರಾದ ಮಾತು ಬಂದಾಗ ಟೇಪಿನಲ್ಲಿ ನಾನೊಬ್ಬನೇ ನಕ್ಕೆ. ಆ ನಗು ಕೇಳಿ ನನಗೇ ಹೆದರಿಕೆಯಾಯಿತು.

"ಅಪ್ಪಾ, ವೇರ್ ಈಸ್ ಹೀ?" ಎಂದಳು ಮುಕ್ತಾ.

ಸುನಂದಾ ಮೆಲ್ಲಗೆ ಅಂದಳು, "ನಿನ್ನೆ ಫೋನಿನ್ಯಾಗ ನೀವಽ ಅಂದಿದ್ರೆಲ್ಲಾ, ಒಬ್ಬ ಮುದುಕನ್ನ ಹುಟ್ಟಸ್ತೀನಿ ಅಂತ."

"ಅಯ್ಯ, ಆಣೆ ಮಾಡಿ ಹೇಳ್ತೀನಿ, ಇದ್ದ ಅವಾ!" ಎಂದೆ. ನೋಟುಬುಕ್ಕು ತೆಗೆದು ಚಿತ್ರ ತೋರಿಸಿದೆ. ಮುಕ್ತಾ ಅದನ್ನು ನೋಡಿ ನನ್ನನ್ನು ನೋಡಿದಳು. ನೇರವಾದ ಗೆರೆ, ಅಚ್ಚುಕಟ್ಟಾದ ಅಕ್ಷರ. ನಕ್ಷೆ ಬರೆಯುವವನ ಕೈ. ಅವನು ಬರೆದದ್ದನ್ನು ನಾನು ಕಣ್ಣಾರೆ ಕಂಡಿದ್ದೆ, ಆದರೂ ಆ ಅಕ್ಷರ ನನ್ನವೇ ಎಂದು ಯಾರಾದರೂ ಅಂದಿದ್ದರೆ ನಾನು ವಾದಿಸುವ ಹಾಗಿರಲಿಲ್ಲ.

ಟೇಪ್ ಇನ್ನೂ ಓಡುತ್ತಿತ್ತು. ಕೊನೆಯ ಕಡೆ ಒಂದು ದೊಡ್ಡ ಮೌನ. ಆಮೇಲೆ ನನ್ನ ದನಿ ಇಂಗ್ಲಿಷಿನಲ್ಲಿ, "ಮಡಚಿದ ಬಟ್ಟೆ. ನನ್ನ ಕುರ್ಚಿಯ ಮೇಲೆ ಮಡಚಿದ ಬಟ್ಟೆ ಇಡುತ್ತಾರೆ. ಶುಕ್ರವಾರ ಸಂಜೆ ತೆಗೆಯುತ್ತಾರೆ," ಎಂದಿತು. ನಿಜವೇ. ಬಟ್ಟೆ ಒಗೆಯುವ ಮಷೀನಿರುವ ಕೋಣೆಯ ಬಾಗಿಲ ಪಕ್ಕದಲ್ಲೇ ಊಟದ ಮೇಜಿನ ನನ್ನ ಕುರ್ಚಿ. ಡ್ರೈಯರಿನಿಂದ ತೆಗೆದದ್ದೆಲ್ಲ ವಾರವಿಡೀ ಅದರ ಮೇಲೆ. ನಾನು ಹಾಗೆ ಹೇಳಿದ್ದೆನೆಂದು ನನಗೇ ನೆನಪಿರಲಿಲ್ಲ. ಸುನಂದಾ ಎದ್ದು ತಟ್ಟೆ ತೆಗೆದಳು.

ಭಾನುವಾರ ಮುಕ್ತಾ ವರದಿ ಮುಗಿಸಿ ನನಗೆ ತೋರಿಸಿದಳು. ಕೊನೆಯ ಭಾಗದಲ್ಲಿ ಒಂದೇ ಸಾಲು: ನನ್ನ ತಂದೆ ಹುಡುಕಿದರು, ಯಾರೂ ಸಿಗಲಿಲ್ಲ. ನಾನು ಹೇಳಿದ ಗೆಡ್ಡೆ, ಹೊಂಬಾಳೆ, ಸಭಾಮನೆ ಒಂದನ್ನೂ ಅವಳು ಬಳಸಿರಲಿಲ್ಲ. ಸುಳ್ಳು ಬರೆಯುವ ಹುಡುಗಿಯಲ್ಲ ಅವಳು, ಅಪ್ಪನ ಸುಳ್ಳೆಂದು ತಿಳಿದದ್ದನ್ನಂತೂ ಬರೆಯುವವಳೇ ಅಲ್ಲ. ಆ ಭಾಗದ ಅಂಕ ಬರಲಿಲ್ಲ, ಅದು ಹೋಗಲಿ. ಅಲ್ಲಿಂದ ಮುಂದೆ ಅವಳು ನನ್ನನ್ನು "ಪ್ರಾಮಿಸ್?" ಎಂದು ಕೇಳುವುದನ್ನೇ ಬಿಟ್ಟಳು. ಬರುತ್ತೇನೆ ಎಂದರೆ "ಓಕೆ" ಎನ್ನುವಳು, ಅಷ್ಟೇ. ಆ ಓಕೆ ಕೇಳಿದಾಗಲೆಲ್ಲ ನನಗೆ ಅಳು ಬಂದಂತಾಗುತ್ತಿತ್ತು.

ಸೋಮವಾರ ನಾನು ಕಟ್ಟೆಗೆ ಓಡಿದ್ದೆ. ಬೆಂಚು ಖಾಲಿ. ಬಲೆಯವರನ್ನು ಕೇಳಿದೆ. ಅಂಥ ಮುದುಕ ಯಾರೂ ತಮಗೆ ಗೊತ್ತಿಲ್ಲ ಎಂದರು. ಒಬ್ಬ ಮಾತ್ರ ನನ್ನನ್ನು ಗುರುತು ಹಿಡಿದ. "ಶುಕ್ರವಾರ ನೀವು ಇಲ್ಲಿ ಕೂತು ಮಾತಾಡುತ್ತಿದ್ದಿರಿ. ಯಾರ ಜೊತೆ ಅಂತ ನಾನು ನೋಡಲಿಲ್ಲ," ಎಂದ. ವಾರವಿಡೀ ಹೋದೆ. ರಾತ್ರಿ ಕೋಣೆಯಲ್ಲಿ ಟೇಪ್ ಹಾಕಿಕೊಂಡು ಕೂರುವುದು, ಆ ಖಾಲಿ ಜಾಗಗಳಲ್ಲಿ ಅವನು ಏನೆಂದಿದ್ದ ಎಂದು ಮತ್ತೆ ಮತ್ತೆ ನೆನೆಯುವುದು. ನನಗೆ ತಲೆ ಕೆಟ್ಟಿದೆಯೇ ಎಂದು ಕೂಡ ಯೋಚಿಸಿದೆ.

ಕೊನೆಗೆ ಒಂದು ಕೆಲಸ ಮಾಡಿದೆ. ಯಾರಿಗೂ ಹೇಳದೆ, ಆ ದ್ವೀಪದ ಹಿರಿಯರ ಮಂಡಳಿಗೆ ಎಂದು ವಿಳಾಸ ಬರೆದು ಒಂದು ಕಾಗದ ಹಾಕಿದೆ. ಚಿತ್ರದ ನಕಲು ಇಟ್ಟೆ. ಇಂಥ ಹೆಸರಿನವರೊಬ್ಬರು ಇದನ್ನು ಬರೆದುಕೊಟ್ಟರು, ಇದು ನಿಮ್ಮ ಸಭಾಮನೆಯೇ ಎಂದಷ್ಟೇ ಕೇಳಿದೆ. ತಿಂಗಳುಗಳು ಕಳೆದವು. ಬೇಸಿಗೆ ರಜೆ ಮುಗಿದು ಶಾಲೆ ತೆರೆದ ಮೇಲೆ, ಒಂದು ಶನಿವಾರ ಸೆರಿಟೋಸಿನ ಮನೆಗೆ ಹಕ್ಕಿಯ ಚಿತ್ರದ ಸ್ಟ್ಯಾಂಪಿನ ಲಕೋಟೆ ಬಂತು. ಟೈಪ್ ಮಾಡಿದ ಒಂದು ಹಾಳೆ, ಹಿರಿಯರ ಪರವಾಗಿ ಅಲ್ಲಿಯ ಗುಮಾಸ್ತರೊಬ್ಬರ ಸಹಿ. ಮೇಜಿನ ಹತ್ತಿರ ನಿಂತು ಗಟ್ಟಿಯಾಗಿ ಓದಿದೆ.

ಚಿತ್ರವನ್ನು ಹಿರಿಯರಿಗೆ ತೋರಿಸಿದೆವು ಎಂದು ಬರೆದಿದ್ದರು. ಇದು ನಮ್ಮದೇ ಸಭಾಮನೆ, ಆದರೆ ಈಗಿನದಲ್ಲ. ಬಿರುಗಾಳಿಗೆ ಬೀಳುವ ಮೊದಲಿದ್ದದ್ದು. ಈಗಿನದರಲ್ಲಿ ಕಂಬಗಳ ಸಾಲು ಬೇರೆ. ಹಳೆಯದನ್ನು ಗುರುತಿಸಲು ಮೂವರು ಮುದುಕರಿಗಷ್ಟೇ ಸಾಧ್ಯವಾಯಿತು. ಮೂರನೆಯ ಕಂಬದ ಜಾಗ ಇಯೊಟೆಬಾನದೇ ಹೌದು. ಅವನು ಹಡಗಿನ ಕೆಲಸಕ್ಕೆ ಹೋದವನು. ಸಮುದ್ರದ ಪಾಲಾದನೆಂದು ಹಡಗಿನವರು ಬಹಳ ಹಿಂದೆಯೇ ತಿಳಿಸಿದ್ದರು. ಅವನ ತಂಗಿ ನಂಬಲಿಲ್ಲ. ಹೊಸ ಸಭಾಮನೆ ಕಟ್ಟಿದಾಗಲೂ ಅವನ ಚಾಪೆಯನ್ನು ಹಾಸಿಸಿದಳು. ನಿಮಗೆ ಅವನು ಮತ್ತೆ ಸಿಕ್ಕರೆ ದಯವಿಟ್ಟು ಹೇಳಿ, ಅವನ ಜಾಗ ಇದೆ ಎಂದು.

ಸುನಂದಾ ಕೈಯಿಂದ ಬಾಯಿ ಮುಚ್ಚಿಕೊಂಡಳು. ಮುಕ್ತಾ ಕಾಗದ ಇಸಿದುಕೊಂಡು ತಾನೇ ಎರಡು ಸಲ ಓದಿದಳು. ಎಲ್ಲಕ್ಕೂ ಇಂಗ್ಲಿಷಿನಲ್ಲೇ ಉತ್ತರ ಕೊಡುವ ಹುಡುಗಿ, ತಡವರಿಸುತ್ತ ಕನ್ನಡದಲ್ಲಿ ಹೇಳಿದಳು: "ಅಪ್ಪಾ, ನೀ ಹೋಗಿ ಅವರಿಗೆ ಹೇಳಬೇಕು." ಸ್ವಲ್ಪ ತಡೆದು, "ಪ್ರಾಮಿಸ್?"

ಹೂಂ ಎಂದು ತಲೆಯಾಡಿಸಿದೆ.

ನನ್ನ ಬುದ್ಧಿ ನೋಡಿ. ಸೋಮವಾರ ಮೀಟಿಂಗು ಇತ್ತು, ಮಂಗಳವಾರ ಇನ್ನೊಂದು. ಬುಧವಾರ ಮಧ್ಯಾಹ್ನ ಕಟ್ಟೆಗೆ ಹೋದೆ. ಬೆಂಚು ಖಾಲಿಯಿತ್ತು. ಅವನು ಕೂತಿದ್ದ ಜಾಗ ಬಿಟ್ಟು ಪಕ್ಕದಲ್ಲಿ ಕೂತು ಕಾಗದವನ್ನು ಓದಿದೆ, ಇಂಗ್ಲಿಷಿನಲ್ಲಿ. ಸಾಲಲಿಲ್ಲ ಅನ್ನಿಸಿ ನನ್ನ ಮಾತಿನಲ್ಲೇ ಹೇಳಿದೆ, "ನಿನ್ನ ಜಾಗ ಹಂಗಽ ಅದಪಾ. ನಿಮ್ಮ ತಂಗಿ ಚಾಪಿ ಹಾಸ್ಯಾಳ. ಹೋಗು." ಹಗ್ಗ ಟಣ್ ಟಣ್ ಬಡಿಯುತ್ತಿತ್ತು. ಆಮೇಲೆ ಆಫೀಸಿಗೆ ಹೋಗಲು ಕಾಲು ಬರಲಿಲ್ಲ. ಮೈ ಸರಿಯಿಲ್ಲವೆಂದು ಫೋನ್ ಮಾಡಿ, ಸಿಕ್ಕ ಟ್ರೇನು ಹತ್ತಿ, ಸ್ಟೇಷನ್ನಿನಿಂದ ಟ್ಯಾಕ್ಸಿ ಹಿಡಿದು ಮನೆಗೆ ಬಂದೆ.

ಇವತ್ತಿಗೂ ನಾನು ಇದಕ್ಕೆ ಅರ್ಥ ಹೇಳಲಾರೆ. ಅವನು ಸತ್ತಿರಲೇ ಇಲ್ಲ, ಹಡಗಿನಿಂದ ಇಳಿದು ಇಲ್ಲೇ ಉಳಿದಿದ್ದ ಎಂದು ಗೆಳೆಯರೊಬ್ಬರು ಹೇಳುತ್ತಾರೆ. ಆಗಬಹುದು. ಹಾಗಿದ್ದರೆ ಟೇಪಿನಲ್ಲಿ ಅವನ ದನಿ ಏಕಿಲ್ಲ? ಟೇಪ್ ಕೆಟ್ಟಿತ್ತು ಎಂದರೆ ಹಕ್ಕಿಯ ದನಿ ಹೇಗಿದೆ? ಆ ಕ್ಯಾಸೆಟ್ ನನ್ನ ಬಳಿ ಇದೆ, ಬಂದವರಿಗೆ ಹಾಕಿ ಕೇಳಿಸುತ್ತೇನೆ. ಎರಡು ನಿಮಿಷಕ್ಕೆ ಅವರು ಎದ್ದು ಚಹಾ ಮಾಡಲು ಹೋಗುತ್ತಾರೆ.

ಆ ಬುಧವಾರ ಬಾಗಿಲು ತೆಗೆದ ಸುನಂದಾ ಗಾಬರಿಯಾದಳು. "ಯಾಕ್ರೀ, ಆರಾಮ ಅದೀರಿ ಹೌದಲ್ಲೋ?" ಎಂದಳು. ಒಳಗೆ ಹೋದೆ. ಮಡಚಿದ ಬಟ್ಟೆಯ ರಾಶಿ ಸೋಫಾದ ಮೇಲಿತ್ತು. ನನ್ನ ಕುರ್ಚಿ ಖಾಲಿಯಿತ್ತು. ನಾನು ಅದನ್ನೇ ನೋಡುತ್ತಿದ್ದುದನ್ನು ಕಂಡು ಸುನಂದಾ, "ಆ ಟೇಪ್ ಕೇಳಿದಾಗಿಂದ ಇಕಿ ಅಲ್ಲಿ ಏನೂ ಇಡಗೊಡಂಗಿಲ್ಲ. ನಿಮಗ ಹೇಳಬ್ಯಾಡ ಅಂದಿದ್ಲು," ಎಂದಳು. ಶುಕ್ರವಾರಗಳಂದು ಮಾತ್ರ ಬರುತ್ತಿದ್ದ ನನಗೆ ಅದು ಗೊತ್ತಾಗುವ ದಾರಿಯೇ ಇರಲಿಲ್ಲ.

ಮುಕ್ತಾ ಎದುರಿಗೆ ಹೋಂವರ್ಕ್ ಹರಡಿಕೊಂಡು ಕೂತಿದ್ದಳು. ನಾನು ನನ್ನ ಕುರ್ಚಿಯಲ್ಲಿ ಕೂತೆ. "ಹೇಳಿದಿ?" ಎಂದು ಕೇಳಿದಳು. ಹೇಳಿದೆ ಎಂದೆ. "ಏನಂದ್ರು?" ಎಂದಳು. ಏನೂ ಅನ್ನಲಿಲ್ಲ, ಅಲ್ಲಿ ಯಾರೂ ಇರಲಿಲ್ಲ ಎಂದೆ. ಅವಳು ಒಂದು ಗಳಿಗೆ ನನ್ನ ಮುಖ ನೋಡಿದಳು. ಈ ಸಲ ನಂಬಿದಳು.